ಕೈ ಕಟ್ಟು, ಬಾಯಿ ಮುಚ್ಚು

ಮೊನ್ನೆ ತಿಪಟೂರಿನಲ್ಲಿ ಸಂತೆ ಮುಗಿಸಿ ನಡೆದು ಬರುತ್ತಿದ್ದೆ. ಯಾವುದೋ ಶಾಲೆಯ ಕಿಟಕಿಯಿಂದ ಒಬ್ಬ ಟೀಚರಮ್ಮನ ದನಿ ಬೀದಿಗೆ ಬಂತು. "ಎಲ್ಲಾರೂ ಕೈ ಕಟ್ಟಿ. ಬಾಯಿ ಮೇಲೆ ಬೆರಳು." ನಾನು ಕೈಯಲ್ಲಿದ್ದ ಚೀಲವನ್ನು ಅಲ್ಲೇ ರಸ್ತೆಯ ಮೇಲೆ ಕುಕ್ಕಿದೆ. ಕುಕ್ಕಿದ ರಭಸಕ್ಕೆ ಮೇಲಿದ್ದ ಟೊಮೇಟೊ ನಾಲ್ಕೂ ಕಡೆ ಉರುಳಿದವು. ಒಬ್ಬ ಆಟೋದವನು ಗಾಡಿ ನಿಲ್ಲಿಸಿ, "ಯಾಕಮ್ಮ, ತಲೆ ಸುತ್ತು ಬಂತಾ?" ಅಂದ. ಇಲ್ಲ ಕಣಪ್ಪ, ಕೋಪ ಬಂತು ಅಂದರೆ ಅವನಿಗೆ ಏನು ಅರ್ಥವಾದೀತು. ಬಗ್ಗಿ ಟೊಮೇಟೊ ಆರಿಸಿಕೊಂಡೆ.

ನೀವೂ ಕೈ ಕಟ್ಟಿ ಕೂತವರೇ, ಇಲ್ಲ ಅನ್ನಬೇಡಿ. ನಮ್ಮ ಕಾಲದ ಶಾಲೆಯಲ್ಲಿ ಅ ಆ ಇ ಈ ಅಕ್ಷರಗಳಿಗಿಂತ ಮೊದಲು ಕಲಿಸುತ್ತಿದ್ದದ್ದೇ ಅದು. ಎದೆಯ ಮೇಲೆ ಎರಡೂ ಕೈ ಹೆಣೆದು ಕೂತರೆ ಒಳ್ಳೆಯ ಹುಡುಗಿ, ಬಿಚ್ಚಿದರೆ ಕೆಟ್ಟ ಹುಡುಗಿ. ನಾನಂತೂ ಕೈ ಆಡಿಸದೆ ಒಂದು ಮಾತನ್ನೂ ಆಡಲಾರದವಳು. ಫೋನಿನಲ್ಲಿ ಮಾತಾಡುವಾಗಲೂ ಗೋಡೆಗೆ ಕೈಕರಣ ಮಾಡುತ್ತಿರುತ್ತೇನೆ. ಕೈ ಕಟ್ಟಿಸಿದ ದಿನ ನನಗೆ ಮಗ್ಗಿ ಕೂಡ ಬರುತ್ತಿರಲಿಲ್ಲ. ಆಗ ಅದು ನಗೆಯ ವಿಷಯವಾಗಿತ್ತು. ಈಗ ಆ ಮಾತು ಕಿವಿಗೆ ಬಿದ್ದರೆ ಮೈಯೆಲ್ಲ ಉರಿಯುತ್ತದೆ. ಅದಕ್ಕೆ ಕಾರಣ ಮಂಗಳಾ ಎಂಬ ಏಳು ವರ್ಷದ ಹುಡುಗಿ. ಅವಳ ವಿಷಯ ಹೇಳುವ ಮೊದಲು ನಮ್ಮ ರುದ್ರ ಚಿಕ್ಕಪ್ಪನ ವಿಷಯ ಹೇಳಬೇಕು. ಹೇಳದೆ ಮುಂದೆ ಹೋದರೆ ಅವನು ಸತ್ತಲ್ಲಿಂದಲೇ ನನ್ನ ಮೇಲೆ ಚಾಡಿ ಹೇಳಿಯಾನು.

ರುದ್ರ ಚಿಕ್ಕಪ್ಪ ನಮ್ಮಪ್ಪನ ತಮ್ಮ. ಹುಟ್ಟಿನಿಂದ ಕಿವಿ ಕೇಳಿಸದು, ಮಾತೂ ಬರಲಿಲ್ಲ. ಹಂದನಕೆರೆ ಕಡೆಯ ನಮ್ಮ ಮನೆಯಲ್ಲಿ ಅದನ್ನು ಯಾರೂ ದೊಡ್ಡ ಸುದ್ದಿ ಮಾಡಲಿಲ್ಲ, ಯಾಕೆಂದರೆ ಮನೆಮಂದಿಗೆಲ್ಲ ಅವನ ಕೈಮಾತು ಬರುತ್ತಿತ್ತು. ಅಪ್ಪನಿಗೆ ಮೀಸೆ ತಿರುವುವುದು, ಅಮ್ಮನಿಗೆ ಮೂಗುಬೊಟ್ಟು ಮುಟ್ಟುವುದು, ಕೊಂಬು ಮುರಿದ ಕೆಂದ ಹಸುವಿಗೆ ಹಣೆಯ ಒಂದು ಪಕ್ಕದಲ್ಲಿ ಒಂದೇ ಬೆರಳು. ನನಗೆ ಮಾತ್ರ ಅವನು ಇಟ್ಟ ಹೆಸರು ಸುರಿಯುವ ಮೂಗನ್ನು ಮೊಣಕೈಯಿಂದ ಒರೆಸಿಕೊಳ್ಳುವುದು. ನಾನು ಬೆಳೆದು, ಓದಿ, ಟೀಚರಾಗಿ, ಮದುವೆಯಾದರೂ ಆ ಹೆಸರು ಬದಲಾಗಲಿಲ್ಲ. ಹೆಣ್ಣು ನೋಡಲು ಬಂದವರಿಗೂ ಚಿಕ್ಕಪ್ಪ ನನ್ನನ್ನು ಪರಿಚಯ ಮಾಡಿಕೊಟ್ಟದ್ದು ಹಾಗೆಯೇ. ನಮ್ಮ ಯಜಮಾನರು ಇವತ್ತಿಗೂ ನನ್ನನ್ನು ರೇಗಿಸಬೇಕಾದರೆ ಸುಮ್ಮನೆ ಮೊಣಕೈ ಎತ್ತುತ್ತಾರೆ.

ಕಿವಿ ಕೇಳಿಸದವರು ಸಾಧು, ಪಾಪ, ಮುಗ್ಧರು ಅಂತ ಜನ ಮಾತಾಡುವಾಗ ನನಗೆ ಚಿಕ್ಕಪ್ಪನ ನೆನಪಾಗಿ ನಗು ಬರುತ್ತದೆ. ಅವನಂಥ ಚಾಡಿಕೋರ ನಮ್ಮ ಏಳೂರಿನಲ್ಲಿ ಇರಲಿಲ್ಲ. ನಮ್ಮ ಅಟ್ಟದ ತುಂಬ ಕೊಬ್ಬರಿಗೆ ಹಾಕಿದ ಕಾಯಿ. ಒಣಗಿ, ಒಡೆದು, ಚಿಪ್ಪು ಬಿಡಿಸಿದ ಕೊಬ್ಬರಿಯನ್ನು ಮೂಟೆ ಕಟ್ಟುವ ಮೊದಲು ಒಂದು ಗಿಟುಕು ಎಗರಿಸಿ, ಬೆಲ್ಲದ ಜೊತೆ ಹಿತ್ತಲಲ್ಲಿ ಕೂತು ತಿನ್ನುವುದು ನನ್ನ ಬಾಲ್ಯದ ಪರಮ ಸುಖ. ಚಿಕ್ಕಪ್ಪ ಎಲ್ಲಿಂದ ನೋಡುತ್ತಿದ್ದನೋ ದೇವರೇ ಬಲ್ಲ. ಅಮ್ಮನ ಎದುರು ಬಂದು ನಿಂತು ಮೂಗು ಒರೆಸಿಕೊಳ್ಳುವನು, ಏಣಿ ಹತ್ತುವನು, ಕಟಕಟ ಅಗಿಯುವನು. ಅಷ್ಟೇ. ಅಮ್ಮ ಸೌಟು ಹಿಡಿದೇ ಹೊರಗೆ ಬರುತ್ತಿದ್ದಳು. ಆಮೇಲೆ ನಾನು ಅಳುತ್ತಿದ್ದರೆ ಪಕ್ಕದಲ್ಲಿ ಬಂದು ಕೂತು, ತಾನೂ ಒಂದು ಚೂರು ಕೊಬ್ಬರಿ ತಿನ್ನುತ್ತಿದ್ದ. ಅದನ್ನು ಎಲ್ಲಿಂದ ತಂದ ಅಂತ ಯಾರೂ ಕೇಳುತ್ತಿರಲಿಲ್ಲ.

ಒಂದು ಸಲ ಅಮ್ಮಸಂದ್ರದಿಂದ ದೂರದ ನೆಂಟರೊಬ್ಬರು ಬಂದಿದ್ದರು. ನಾನು ಜಗಲಿಯಲ್ಲಿ ಚಿಕ್ಕಪ್ಪನ ಜೊತೆ ಹಸುವಿನ ವಿಷಯ ಏನೋ ಕೈಯಲ್ಲಿ ಜಗಳವಾಡುತ್ತಿದ್ದೆ. ಆ ಮನುಷ್ಯ ಹಿಂದಿನಿಂದ ಬಂದು ನನ್ನ ಕಿವಿ ಹಿಡಿದು ತಿರುಚಿದರು. "ಮೂಗನ್ನ ಅಣಕಿಸ್ತೀಯೇನೇ. ನಾಳೆ ನಿನ್ನ ಹೊಟ್ಟೇಲೂ ಅಂಥದೇ ಹುಟ್ತದೆ" ಅಂದರು. ನನಗೆ ನೋವಿಗಿಂತ ಹೆಚ್ಚಾಗಿ ಗಲಿಬಿಲಿಯಾಯಿತು. ಅಣಕ ಎಲ್ಲಿಂದ ಬಂತು, ನಾನು ಮಾತಾಡುತ್ತಿದ್ದೆ. ಚಿಕ್ಕಪ್ಪ ಎದ್ದವನೇ ನೆಂಟರ ಕಿವಿ ಹಿಡಿದು ಅಷ್ಟೇ ಜೋರಾಗಿ ತಿರುಚಿದ. ನೆಂಟರಿಗೆ ಅವಮಾನವಾಯಿತು ಅಂತ ಮನೆಯಲ್ಲಿ ರಾಮಾಯಣವೇ ನಡೆಯಿತು. ಅವತ್ತು ಒಬ್ಬಟ್ಟು ಮಾಡಿದ್ದರು, ನೆಂಟರು ಉಣ್ಣದೆ ಹೋದರು. ಅವರ ಪಾಲಿನದನ್ನು ಚಿಕ್ಕಪ್ಪನೂ ನಾನೂ ಹಂಚಿಕೊಂಡೆವು.

ಆ ನೆಂಟರ ವಂಶ ಇನ್ನೂ ನಿಂತಿಲ್ಲ ಅನ್ನುವುದು ನನಗೆ ಗೊತ್ತಾದದ್ದು ಇತ್ತೀಚೆಗೆ.

ದಂಡಿನಶಿವರದ ಆಚೆಗಿನ ಒಂದು ಹಳ್ಳಿಯ ಶಾಲೆಯಲ್ಲಿ ಒಂದನೇ ಕ್ಲಾಸಿನ ಮಕ್ಕಳು ನನ್ನ ಪಾಲಿಗಿದ್ದಾರೆ. ಅಲ್ಲಿಗೆ ಮಂಗಳಾ ಬಂದಳು. ಚಿಕ್ಕಪ್ಪನ ಹಾಗೆಯೇ ಕಿವಿ ಕೇಳಿಸದು. ಮನೆಯಲ್ಲಿ ಅವಳ ಅಮ್ಮ ಒಬ್ಬಳೇ, ಅವಳಿಗೂ ಬಾ, ಉಣ್ಣು, ಮಲಗು ಬಿಟ್ಟರೆ ಬೇರೆ ಸನ್ನೆ ಗೊತ್ತಿಲ್ಲ. ಊರಿನಲ್ಲಿ ಮಂಗಳಾ ಅಂತ ಅವಳನ್ನು ಯಾರೂ ಕರೆಯುತ್ತಿರಲಿಲ್ಲ, ಎಲ್ಲರಿಗೂ ಅವಳು ಮೂಗಿ. ಕೇಳಿಸುವುದಿಲ್ಲವಲ್ಲ, ಹೆಂಗೆ ಕರೆದರೇನು ಅಂತ. ಮೊದಲ ವಾರವೆಲ್ಲ ಹುಡುಗಿ ಬಾಗಿಲ ಹತ್ತಿರ ಕೂತು ಎಲ್ಲರ ಬಾಯಿ ನೋಡುತ್ತಿದ್ದಳು.

ನನಗೆ ಗೊತ್ತಿದ್ದದ್ದು ನಮ್ಮ ಮನೆಯ ಕೈಮಾತು. ಅದರಲ್ಲಿ ಅರ್ಧ ಹಸುವಿನ ವಿಷಯ, ಅರ್ಧ ಚಾಡಿ. ಅದು ಸಾಲದು ಅಂತ ಫೋನಿನಲ್ಲಿ ವಿಡಿಯೋ ಹಾಕಿಕೊಂಡು ಸರಿಯಾದ ಸಂಜ್ಞೆ ಕಲಿಯಲು ಕೂತೆ. ಈ ವಯಸ್ಸಿನಲ್ಲಿ ಬೆರಳು ಬಗ್ಗಬೇಕಲ್ಲ. ಬೆಳಿಗ್ಗೆ ಕಲಿತದ್ದು ಬಸ್ಸು ಇಳಿಯುವಷ್ಟರಲ್ಲಿ ಮರೆತಿರುತ್ತಿತ್ತು. ಮಕ್ಕಳಿಗೆ ಹಾಗಲ್ಲ. ನೀರು, ಊಟ, ಗೆಳತಿ, ತಪ್ಪಾಯ್ತು, ಆಟಕ್ಕೆ ಬಾ ಅಂತ ನಾನು ತೋರಿಸಿದ್ದನ್ನು ಒಂದೇ ಸಲಕ್ಕೆ ಹಿಡಿದವು. ನಾನು ತೋರಿಸದಿದ್ದಕ್ಕೆ ತಾವೇ ಹುಟ್ಟಿಸಿದವು. ತೆಂಗಿನಕಾಯಿಗೆ ಎರಡು ಮುಷ್ಟಿ ಹಿಡಿದು ಸಿಪ್ಪೆ ಸುಲಿಯುವುದು. ಹೆಡ್‌ಮಾಸ್ಟರಿಗೆ ಜಾರುವ ಪ್ಯಾಂಟು ಮೇಲೆಳೆದುಕೊಳ್ಳುವುದು. ನನಗೆ ತಲೆಯ ಮೇಲೆ ಕನ್ನಡಕ ಇಟ್ಟುಕೊಂಡು ಮೇಜಿನ ಮೇಲೆಲ್ಲ ಹುಡುಕುವುದು. ಮೂಗು ಒರೆಸಿಕೊಳ್ಳುವುದಕ್ಕಿಂತ ಬಡ್ತಿ ಸಿಕ್ಕಿತು ಅಂದುಕೊಂಡೆ.

ಬಾಗಿಲ ಹತ್ತಿರ ಕೂರುತ್ತಿದ್ದ ಹುಡುಗಿ ನಡುವಿನ ಸಾಲಿಗೆ ಬಂದಳು. ಅವಳಿಗೆ ಜೊತೆ ಚೇತನ್ ಅಂತ ಒಬ್ಬ, ಬಲು ಕಿಲಾಡಿ. ಬಾಯಿ ತೆರೆಯದೆ ಹರಟೆ ಹೊಡೆಯುವ ವಿದ್ಯೆ ಸಿಕ್ಕಿದ್ದು ಅವನಿಗೆ ನಿಧಿ ಸಿಕ್ಕಷ್ಟು ಖುಷಿ. ನಾನು ಬೋರ್ಡಿನ ಕಡೆ ತಿರುಗಿದರೆ ಹಿಂದೆ ಲೋಕಾಭಿರಾಮ ಶುರುವಾಗುತ್ತಿತ್ತು. ತಿರುಗಿ ನೋಡಿದರೆ ಪಿಟ್ಟೆನ್ನುವ ಸದ್ದಿಲ್ಲ, ಆದರೆ ಒಂದು ಕೈಯೂ ಸುಮ್ಮನಿಲ್ಲ. ಮಂಗಳಾ ಬಾಯಿ ತುಂಬ ನಗುತ್ತಿದ್ದಳು. ನನ್ನ ಇಷ್ಟು ವರ್ಷದ ಮೇಷ್ಟ್ರಗಿರಿಯಲ್ಲಿ ಅಷ್ಟು ಚೆನ್ನಾಗಿ ನಾನು ಯಾವ ಪಾಠವನ್ನೂ ಮಾಡಿರಲಿಲ್ಲ.

ಅದಕ್ಕೆ ಕಲ್ಲು ಬಿತ್ತು. ಒಂದು ಸಂಜೆ ಹಾಲಿನ ಡೇರಿಯ ಹತ್ತಿರ ಮಂಗಳಾ ರಸ್ತೆಯ ಆಚೆ ನಿಂತಿದ್ದಳಂತೆ. ಚೇತನ್ ಈಚೆಯಿಂದ ಕೈಯಲ್ಲೇ ಏನೋ ಹೇಳಿದನಂತೆ. ಅವನ ತಾತ ಪಂಚಾಕ್ಷರಯ್ಯ ಅಲ್ಲೇ ಇದ್ದರು. ತೋಟ ತುಡಿಕೆ ಇರುವ ದೊಡ್ಡ ಕುಳ, ಊರಲ್ಲಿ ಅವರ ಮಾತಿಗೆ ತೂಕ. ಎಲ್ಲರ ಎದುರಿಗೇ ಮೊಮ್ಮಗನ ಬೆನ್ನಿಗೆ ಬಾರಿಸಿದರಂತೆ. ಮಾರನೆಯ ದಿನ ಬೆಳಿಗ್ಗೆ ಪ್ರಾರ್ಥನೆಗೆ ಮೊದಲೇ ಇನ್ನಿಬ್ಬರನ್ನು ಕರೆದುಕೊಂಡು ಶಾಲೆಗೇ ಬಂದರು.

"ಏನ್ ಟೀಚರಮ್ಮ, ಹುಡುಗ್ರಿಗೆ ಮೂಗೀನ ಅಣಕ್ಸೋದು ಹೇಳ್ಕೊಡ್ತಿದೀರಂತೆ. ಪಾಪದ ಕೂಸು ಕಣಮ್ಮ ಅದು. ಇನ್ನೊಬ್ರ ಊನ ಆಡ್ಕಬಾರ್ದು ಅಂತ ನಾವು ಹೇಳಿ ಬೆಳೆಸಿದೀವಿ. ನೀವು ಉಲ್ಟಾ ಕಲಿಸ್ತೀರಲ್ಲ."

"ಅಣಕ ಅಲ್ಲ ಯಜಮಾನ್ರೇ, ಮಾತು. ಅವಳ ಜೊತೆ ಮಾತಾಡೋದು ಕಲಿಸ್ತಿದೀನಿ."

"ಮಾತಾಡಕ್ಕೆ ದೇವ್ರು ಬಾಯಿ ಕೊಟ್ಟವ್ನೆ ಬುಡಿ. ನಮ್ಮನೇಲಿ ಸೊಸೆ ಬಸುರಿ. ಹುಡುಗ ಮನೇಲೂ ಹಂಗೇ ಕೈ ತಿರುಗುಸ್ತಾನೆ. ಹೆಚ್ಚುಕಮ್ಮಿ ಆದ್ರೆ ನೀವು ಬತ್ತೀರಾ?"

ನೋಡಿ ನಮ್ಮ ಜನರ ಒಳ್ಳೆಯತನ. ಹುಡುಗಿಯನ್ನು ಮೂಗಿ ಅನ್ನಬಹುದು, ಹೆಸರು ಹಿಡಿದು ಕರೆಯದಿರಬಹುದು, ಬಾಗಿಲ ಹತ್ತಿರ ಕೂರಿಸಬಹುದು. ಅದೆಲ್ಲ ಮರ್ಯಾದೆ. ಅವಳ ಜೊತೆ ಅವಳಿಗೆ ತಿಳಿಯುವ ಹಾಗೆ ಮಾತಾಡಿದರೆ ಮಾತ್ರ ಅಣಕ. ಕೆಟ್ಟವರಾಗಿದ್ದರೆ ಜಗಳ ಆಡಬಹುದಿತ್ತು. ಇವರು ಕರುಣೆಯಿಂದ ಹೊಡೆಯುವವರು. ಕರುಣೆಯ ಎದುರು ವಾದ ಮಾಡುವುದು ಹೆಂಗೆ, ನೀವೇ ಹೇಳಿ.

ಹೆಡ್‌ಮಾಸ್ಟರು ಪ್ಯಾಂಟು ಮೇಲೆಳೆದುಕೊಂಡು, "ಊರಿನೋರನ್ನ ಎದುರು ಹಾಕ್ಕೊಂಡು ಏನ್ ಮಾಡೋಣ ಮೇಡಂ" ಅಂದರು. ನನ್ನನ್ನು ಕೇಳುವ ಗೋಜಿಗೇ ಹೋಗದೆ ಅಂದೇ ಪ್ರಾರ್ಥನೆಯಲ್ಲಿ ಅಪ್ಪಣೆ ಹೊರಟಿತು. ಎಲ್ಲರೂ ಕೈ ಕಟ್ಟಬೇಕು. ಬಿಚ್ಚಿದವರ ಮನೆಗೆ ಸುದ್ದಿ ಹೋಗುತ್ತದೆ. ನಾನು ಕ್ಲಾಸಿನಲ್ಲಿ ಬಿಚ್ಚಿ ಅಂದರೂ ಮಕ್ಕಳು ಬಿಚ್ಚಲಿಲ್ಲ. ಮನೆಯಲ್ಲಿ ತಿಂದ ಏಟು ನನ್ನ ಮಾತಿಗಿಂತ ಹತ್ತಿರದಲ್ಲಿತ್ತು. ಮಂಗಳಾ ಒಬ್ಬೊಬ್ಬರ ಮುಂದೆಯೂ ಹೋಗಿ ನಿಂತಳು. ಆಟಕ್ಕೆ ಬಾ ಅಂದಳು. ಮಕ್ಕಳು ಮುಖ ಬೇರೆ ಕಡೆ ತಿರುಗಿಸಿದವು. ನೀವು ಯಾರನ್ನಾದರೂ ಮಾತಾಡಿಸಿದಾಗ ಒಂದಿಡೀ ಊರು ಬಾಯಿ ಹೊಲಿದುಕೊಂಡು ನಿಂತರೆ ಹೆಂಗಿರುತ್ತದೆ, ಹಂಗೆ.

ಇಷ್ಟು ಸಾಲದು ಅಂತ ಅದೇ ಹೊತ್ತಿಗೆ ವಿಶೇಷಚೇತನರ ದಿನಾಚರಣೆ ಬಂತು. ಶಾಮಿಯಾನ, ಮೈಕು, ಬ್ಯಾನರು. ಮಂಗಳಾಳನ್ನು ವೇದಿಕೆಯ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಮೈಮುಚ್ಚುವಷ್ಟು ದೊಡ್ಡ ಶಾಲು ಹೊದಿಸಿದರು. ಅತಿಥಿಗಳಾಗಿ ಬಂದಿದ್ದ ಗಣ್ಯರು ಮೈಕು ಹಿಡಿದರು. ಇವರು ದೇವರ ಮಕ್ಕಳು, ಇವರಿಗೆ ಅನುಕಂಪ ತೋರಿಸಬೇಕು ಅಂತ ಶುರುವಾದದ್ದು ಮುಗಿಯುವ ಲಕ್ಷಣವೇ ಇರಲಿಲ್ಲ. ಭಾಷಣದ ಉದ್ದಕ್ಕೂ ಎರಡೂ ಕೈ ಬೀಸುತ್ತಿದ್ದರು. ಅವರು ಯಾರನ್ನು ಅಣಕಿಸುತ್ತಿದ್ದಾರೆ ಅಂತ ಪಂಚಾಕ್ಷರಯ್ಯ ಕೇಳಲಿಲ್ಲ, ಮುಂದಿನ ಸಾಲಿನಲ್ಲಿ ಕೂತು ತಲೆದೂಗುತ್ತಿದ್ದರು. ಕಿವಿ ಕೇಳಿಸದ ಮಗುವಿನ ಗೌರವಾರ್ಥ ಮೈಕಿನಲ್ಲಿ ಭಾಷಣ. ಇದನ್ನು ಏರ್ಪಡಿಸಿದವರಲ್ಲಿ ಒಬ್ಬರಿಗಾದರೂ ನಗು ಬರಬೇಡವಾ.

ಮಂಗಳಾ ವೇದಿಕೆಯಿಂದಲೇ ನನ್ನ ಕಡೆ ನೋಡಿ, ಏನಂತೆ ಅಂತ ಕೇಳಿದಳು. ಏನಂತ ಹೇಳಲಿ. ಊಟ ತಡವಾಗುತ್ತದಂತೆ ಅಂದೆ. ಅವಳು ತಲೆಯಾಡಿಸಿ, ಮುಂದೆ ನೆಲದ ಮೇಲೆ ಕೂತಿದ್ದ ಚೇತನ್ ಕಡೆ ಸಣ್ಣಗೆ ಕೈ ಮಾಡಿದಳು. ಅವನು ಒಂದು ಸಲ ತಾತನನ್ನು ನೋಡಿದ. ಕಟ್ಟಿದ ಕೈಗಳನ್ನು ಇನ್ನೂ ಬಿಗಿ ಮಾಡಿಕೊಂಡ. ಅವಳು ಅವನನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಆ ಶಾಲಿನ ಒಳಗೆ ತಾನೂ ಎರಡೂ ಕೈ ಕಟ್ಟಿಕೊಂಡಳು.

"ನೋಡಿ, ಈ ಮಗೂಗೆ ಎಂಥ ಶಿಸ್ತು" ಅಂದರು ಅತಿಥಿಗಳು. ಚಪ್ಪಾಳೆ ಬಿತ್ತು. ನನಗೆ ಆ ಮೈಕನ್ನು ಕಿತ್ತು ಬಾವಿಗೆ ಎಸೆಯಬೇಕು ಅನ್ನಿಸಿತು. ಬಾಯಿ ಇರುವವಳ ಬಾಯಿ ಕಟ್ಟಿ ಕೂರಿಸಿ ಶಿಸ್ತು ಅಂತ ಚಪ್ಪಾಳೆ ಹೊಡೆಯುತ್ತಾರಾ ಎಲ್ಲಾದರೂ.

ಮಾರನೆಯ ದಿನದಿಂದ ಮಂಗಳಾ ಶಾಲೆಗೆ ಬರಲಿಲ್ಲ. ಮನೆಗೆ ಹೋದೆ. ಅವಳಮ್ಮ ಹುಣಸೆಹಣ್ಣು ಬಿಡಿಸುತ್ತಿದ್ದವಳು ತಲೆಯೆತ್ತದೆ ಹೇಳಿದಳು. "ಬ್ಯಾಗ್ ತಂದ್ರೆ ಕೈ ಕಟ್ಕಂಡು ಗ್ವಾಡೆ ಕಡೆ ತಿರುಗ್ತಾಳೆ ಟೀಚರಮ್ಮ. ಏನಾಯ್ತು ಅಂತ ಕೇಳಕ್ಕೆ ನಂಗೂ ಬರಲ್ಲ. ಮನೇಲೇ ಇರ್ಲಿ ಬುಡಿ. ಅಲ್ಲಿದ್ರೂ ಒಬ್ಳೇ, ಇಲ್ಲಿದ್ರೂ ಒಬ್ಳೇ."

ಅಲ್ಲಿಂದ ಸೀದಾ ಪಂಚಾಕ್ಷರಯ್ಯನವರ ಮನೆಗೆ ನಡೆದೆ. ಬಸ್ಸಿನ ಹೊತ್ತಾಗಿತ್ತು, ಹೋದರೆ ಹೋಗಲಿ ಅಂದುಕೊಂಡೆ. ಅವರು ಜಗಲಿಯ ಮೇಲೆ ಬಾಯಿ ತುಂಬ ಎಲೆಅಡಿಕೆ ಹಾಕಿಕೊಂಡು ಕೂತಿದ್ದರು. ನನ್ನನ್ನು ಕಂಡು ಕೈಯಲ್ಲೇ ಬನ್ನಿ ಅಂದರು. ಕೈಯಲ್ಲೇ ಕೂತ್ಕೊಳ್ಳಿ ಅಂದರು. ಹೆಬ್ಬೆರಳು ಬಾಯಿಗೆ ತೋರಿಸಿ ಕಾಫಿ ಕುಡೀತೀರಾ ಅಂತಲೂ ಕೇಳಿದರು.

"ಯಾರನ್ನ ಅಣಕಿಸ್ತಿದೀರಿ ಯಜಮಾನ್ರೇ?" ಅಂದೆ.

ಉತ್ತರ ಕೊಡಬೇಕಾದರೆ ಅವರು ಎದ್ದು ಹೋಗಿ ಉಗಿದು ಬರಬೇಕಾಯಿತು. "ಅದು ಬೇರೆ ಕಣಮ್ಮ" ಅಂದರು.

"ಏನು ಬೇರೆ? ವಯಸ್ಸಲ್ಲಿ ದನದ ದಲ್ಲಾಳಿ ಆಗಿದ್ರಂತೆ. ಟವೆಲ್ ಕೆಳಗೆ ಬೆರಳು ಹಿಡಿದೇ ರೇಟು ಹೇಳಿ ವ್ಯಾಪಾರ ಮುಗಿಸ್ತಿದ್ರಂತೆ. ಮರದ ಮೇಲೆ ಕಾಯಿ ಕೀಳೋನಿಗೆ ಕೆಳಗಿಂದ ಕೈಯಲ್ಲೇ ಇದು ಕಿತ್ಕೋ, ಅದು ಬಿಡು ಅಂತೀರಿ. ಬಸ್ಸಲ್ಲಿ ಹೋಗೋರಿಗೆ ರಸ್ತೆಯಿಂದ್ಲೇ ಊಟ ಆಯ್ತಾ ಅಂತೀರಿ. ದೊಡ್ಡೋರು ಮಾಡಿದ್ರೆ ವ್ಯವಹಾರ, ಮಕ್ಳು ಮಾಡಿದ್ರೆ ಪಾಪ. ಯಾವ ನ್ಯಾಯ ಇದು?"

"ನಮ್ಮ ಹೆದ್ರಿಕೆ ನಿಮಗೆ ಗೊತ್ತಾಗಲ್ಲ ಟೀಚರಮ್ಮ. ಮನೇಲಿ ಬಸುರಿ ಹೆಂಗ್ಸು."

ಸಿಟ್ಟು ನೆತ್ತಿಗೇರಿದಾಗ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. "ಹುಟ್ಟೋ ಮಗು ಚೆನ್ನಾಗೇ ಹುಟ್ಲಿ" ಅಂದೆ. "ಆದ್ರೆ ಒಂದ್ ವೇಳೆ ಅದಕ್ಕೂ ಕಿವಿ ಕೇಳಿಸದೆ ಹೋದ್ರೆ ಅದನ್ನ ಮಾತಾಡ್ಸೋರು ಈ ಮನೇಲಿ ಯಾರಿದಾರೆ ಹೇಳಿ. ಒಬ್ಬನಿದ್ದ. ಅವನ ಕೈನೂ ನೀವೇ ಕಟ್ಟಿಸಿದ್ರಿ."

ಹೇಳಿ ಮುಗಿಸಿ ನೋಡಿದರೆ ಬಾಗಿಲಲ್ಲಿ ಅವರ ಸೊಸೆ ರೂಪ, ಚೇತನ್ ತಾಯಿ, ತುಂಬಿದ ಹೊಟ್ಟೆ ಹೊತ್ತು ಕಾಫಿ ಲೋಟ ಹಿಡಿದು ನಿಂತಿದ್ದಾಳೆ. ಬಸುರಿಯ ಎದುರು ಆಡುವ ಮಾತಾ ಅದು. ಅವಳು ಲೋಟವನ್ನು ನನ್ನ ಪಕ್ಕದಲ್ಲಿಟ್ಟು, "ಸಕ್ಕರೆ ಸಾಕಾ ನೋಡಿ ಟೀಚರೇ" ಅಂದು ಒಳಗೆ ಹೋದಳು. ಕಾಫಿ ಕುಡಿದು ಎದ್ದೆ. ಕೊನೆಯ ಬಸ್ಸು ಹೋಗಿತ್ತು. ಯಾರದೋ ಕಾಯಿ ತುಂಬಿದ ಟೆಂಪೋದಲ್ಲಿ ಡ್ರೈವರ್ ಪಕ್ಕ ಕೂತು, ನನ್ನ ಬಾಯನ್ನು ನಾನೇ ಬೈದುಕೊಳ್ಳುತ್ತ ತಿಪಟೂರು ಸೇರಿದೆ.

ಸೋಮವಾರ ಬೆಳಿಗ್ಗೆ ಶಾಲೆಯ ಗೇಟಿನಲ್ಲಿ ರೂಪ ನಿಂತಿದ್ದಳು. ಒಂದು ಕೈಯಲ್ಲಿ ಚೇತನ್. ಇನ್ನೊಂದು ಕೈಯಲ್ಲಿ ಮಂಗಳಾ, ಹೆಗಲಿಗೆ ಬ್ಯಾಗು.

"ನಾನೇ ಅವ್ರ ಮನೆಗೆ ಹೋಗಿ ಕರ್ಕಬಂದೆ ಟೀಚರೇ" ಅಂದಳು. "ಮಾವ ನೋಡುದ್ರು, ಏನೂ ಅನ್ನಲಿಲ್ಲ. ಇವಳ ಹತ್ರ ಏನ್ ಮಾತಾಡ್ಬೇಕೋ ನಂಗೆ ಗೊತ್ತಾಗ್ಲಿಲ್ಲ. ಉಂಡ್ಯಾ ಅಂತ ಕೈಯಲ್ಲಿ ಕೇಳ್ದೆ ನೋಡಿ, ಆಗ್ಲಿಂದ ನಿಂತು ನಿಂತು ಏನೋ ಹೇಳ್ತಾನೇ ಅವ್ಳೆ. ಏನಂತೆ ಕೇಳಿ."

ಚೇತನ್, "ಏನೂ ಇಲ್ಲ ಕಣಮ್ಮ, ಸುಮ್ನೆ" ಅಂದ. ಅಂದ ವೇಗದಲ್ಲೇ ಏನೋ ಇದೆ ಅಂತ ಗೊತ್ತಾಯಿತು.

ಮಂಗಳಾ ರೂಪಳ ಕೈ ಬಿಡಿಸಿಕೊಂಡು ಅವಳ ಎದುರಿಗೆ ಬಂದು ನಿಂತಳು. ಈ ಹೆಂಗಸಿಗೆ ಅಷ್ಟಾಗಿ ಬರುವುದಿಲ್ಲ ಅಂತ ಅವಳಿಗೂ ತಿಳಿದಿತ್ತು, ಅದಕ್ಕೆ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದಳು. ಚೇತನ್ ಕಡೆ ಬೆರಳು ತೋರಿಸಿದಳು. ತನ್ನ ಬ್ಯಾಗಿನೊಳಗೆ ಕಳ್ಳನ ಹಾಗೆ ಕೈ ಹಾಕಿ ತೆಗೆದಳು. ಅಂಗೈ ಮೇಲೆ ಬೆರಳಿಂದ ಗಸಗಸ ಉಜ್ಜಿದಳು. ತನ್ನ ಎದೆ ಮುಟ್ಟಿಕೊಂಡಳು. ನಾನು ಬಾಯಿ ಬಿಡಬೇಕಾಗಿಯೇ ಬರಲಿಲ್ಲ. ನನಗೆ ನಮ್ಮ ಅಟ್ಟದ ಏಣಿಯೂ ಅಮ್ಮನ ಸೌಟೂ ಕಣ್ಣ ಮುಂದೆ ಬಂದವು.

"ಅವ್ಳ ರಬ್ಬರ್ ಕದ್ದಿದೀಯೇನ್ಲಾ?" ಅಂತ ರೂಪ ಮಗನ ಕಿವಿ ಹಿಡಿದಳು. ಅವನು ಚಡ್ಡಿ ಜೇಬಿನಿಂದ ಮಾವಿನಹಣ್ಣಿನ ಆಕಾರದ ರಬ್ಬರ್ ತೆಗೆದು ಕೊಟ್ಟ. ಎಷ್ಟು ದಿನದಿಂದ ಅಲ್ಲಿತ್ತೋ. ಕೈ ಕಟ್ಟಿದ ಶಾಲೆಯಲ್ಲಿ ಆ ಹುಡುಗಿ ಯಾರಿಗೆ ದೂರು ಹೇಳಬೇಕಿತ್ತು. ವೇದಿಕೆಯ ಮೇಲಿದ್ದ ಅಷ್ಟು ಜನ ದೊಡ್ಡವರಲ್ಲಿ ಅವಳ ರಬ್ಬರ್ ಕಳುವಾಗಿದೆ ಅಂತ ಒಬ್ಬರಿಗೂ ಗೊತ್ತಿರಲಿಲ್ಲ, ಕೆಳಗಿದ್ದ ನಾನೂ ಕೇಳಿರಲಿಲ್ಲ.

ಗಂಟೆ ಹೊಡೆಯಿತು. ಹೆಡ್‌ಮಾಸ್ಟರು ಮೆಟ್ಟಿಲ ಮೇಲೆ ನಿಂತು ಎಂದಿನ ಹಾಗೆ ಕೈ ಕಟ್ಟಿ ಅಂದರು. ಮಕ್ಕಳು ಕಟ್ಟಿದರು. ಸಾಲಿನಲ್ಲಿ ನಿಂತಿದ್ದ ಚೇತನ್ ಕೆಂಪಾದ ಕಿವಿ ಉಜ್ಜಿಕೊಂಡು, ಸ್ವಲ್ಪ ಹೊತ್ತು ತಡೆದು ನೋಡಿದ. ಆಮೇಲೆ ತಡೆಯಲಾರದೆ ಎರಡೂ ಕೈ ಬಿಚ್ಚಿ ಮಂಗಳಾ ಕಡೆ ತಿರುಗಿ, ಚಾಡಿಕೋರಿ ಅಂದ. ಅವಳು ಕಳ್ಳ ಅಂದಳು. ಅವನು ಇನ್ನೇನೋ ಅಂದ. ಅವಳು ಅದಕ್ಕಿಂತ ದೊಡ್ಡದೇನೋ ಅಂದಳು, ಅದನ್ನು ನಾನು ಕಲಿಸಿದ್ದಲ್ಲ. ಅಕ್ಕಪಕ್ಕದ ಮಕ್ಕಳ ಕೈಗಳೂ ಒಂದೊಂದಾಗಿ ಬಿಚ್ಚಿಕೊಂಡವು, ಅರ್ಧ ಜನ ಅವನ ಕಡೆ, ಅರ್ಧ ಜನ ಅವಳ ಕಡೆ.

ಹೆಡ್‌ಮಾಸ್ಟರು ಪ್ಯಾಂಟು ಎಳೆದುಕೊಂಡು ನನ್ನ ಹತ್ತಿರ ಬಂದರು. "ಮೇಡಂ, ಏನದು?"

"ಜಗಳ ಆಡ್ತಿದಾರೆ ಸಾರ್" ಅಂದೆ. "ಆಡ್ಲಿ ಬಿಡಿ."